ಪ್ರೊಗ್ರೆಸ್ಸಿವ್ ಕನ್ನಡಕ ಹಾಕಿ ಕಂಪ್ಯೂಟರ್ ನೋಡಿದರೆ ಕತ್ತು ನೋವು: ಪ್ರತಿಕ್ರಿಯೆ
ಸರ್, ದೂರಕ್ಕೆ ಮೈನಸ್ 2, ಆಡ್ (ಹತ್ತಿರದ್ದು ಓದಲು ಕೂಡಿಸುವ ಪವರ್) ಪ್ಲಸ್ 2 ಇರುವ ಪ್ರೊಗ್ರೆಸ್ಸಿವ್ (ಒಂದೇ ಮಸೂರದಲ್ಲಿ ಮೇಲೆ ದೂರಕ್ಕೆ, ನಡುವೆ ಮಧ್ಯದ ದೂರಕ್ಕೆ, ಕೆಳಗೆ ಓದಲು ಪವರ್ ಇರುವ ಕನ್ನಡಕ) ಹಾಕಿ ಕೆಲಸ ಮಾಡಿದರೆ ಸಂಜೆ ಹೊತ್ತಿಗೆ ಕತ್ತು ಹಿಡಿಯುತ್ತದೆ ಅಂದಿರಿ. ಅದರಲ್ಲಿ ಮಾನಿಟರ್ ದೂರಕ್ಕೆ ಹೊಂದುವ ಭಾಗ ಕಿರಿದು, ಅದೂ ಕೆಳಗೆ. ಅದಕ್ಕೇ ಗೊತ್ತಿಲ್ಲದೆ ಗದ್ದ ಎತ್ತುತ್ತೀರಿ. ನನಗೂ ಎರಡು ವರ್ಷ ಇದೇ ಪಾಡು.

ಮೊದಲು ಕಣ್ಣಿನಿಂದ ಪರದೆಗೆ ಟೇಪ್ ಹಿಡಿದು ಅಳೆಯಿರಿ. ಪುಸ್ತಕ 40 ಸೆಂ.ಮೀ. ದೂರದಲ್ಲಿದ್ದರೆ ಮಾನಿಟರ್ ಸಾಮಾನ್ಯವಾಗಿ 60-70 ಸೆಂ.ಮೀ.; ಅಲ್ಲಿಗೆ ಆಡ್‌ನ ಅರ್ಧದಷ್ಟು ಸಾಕಾಗುವುದೇ ಹೆಚ್ಚು. ಅಂದರೆ ಮೈನಸ್ 2ಕ್ಕೆ ಪ್ಲಸ್ 1 ಕೂಡಿಸಿ, ನಿಮಗೆ ಸುಮಾರು ಮೈನಸ್ 1ರ ಸಿಂಗಲ್ ವಿಷನ್ (ಇಡೀ ಮಸೂರಕ್ಕೆ ಒಂದೇ ಪವರ್) ಕನ್ನಡಕ. ಸಿಲಿಂಡರ್ (ಅಸ್ಟಿಗ್ಮ್ಯಾಟಿಸಂ ಸರಿಪಡಿಸುವ ಪವರ್) ಇದ್ದರೆ ಅದು ಹಾಗೇ ಇರುತ್ತದೆ. ಆದರೆ ಈ ಲೆಕ್ಕವನ್ನೇ ನಂಬಿ ಆರ್ಡರ್ ಮಾಡಬೇಡಿ. ಅಳತೆ ಬರೆದುಕೊಂಡು ಕಣ್ಣು ಪರೀಕ್ಷೆ ಮಾಡುವವರ ಹತ್ತಿರ ಹೋಗಿ, ಅಷ್ಟೇ ದೂರದಲ್ಲಿ ಅಕ್ಷರ ಹಿಡಿದು ಟ್ರಯಲ್ ಫ್ರೇಮ್‌ನಲ್ಲಿ (ಮಸೂರ ಬದಲಿಸಿ ನೋಡುವ ಪರೀಕ್ಷೆಯ ಫ್ರೇಮ್) ಓದಿಸಿ ಅಂತ ಕೇಳಿ. ಆ ಕನ್ನಡಕದಲ್ಲಿ ಗಾಡಿ ಮಾತ್ರ ಓಡಿಸಬೇಡಿ, ದೂರದ್ದು ಮಂಜಾಗುತ್ತದೆ.