ಅಸೈಲಮ್ ಕೇಳಿದ್ದವರಿಗೆ ಸ್ಟೂಡೆಂಟ್ ವೀಸಾ ಸಿಗುತ್ತಾ?

ಪ್ರಶ್ನೆ: 2021ರಲ್ಲಿ ಸ್ಟೂಡೆಂಟ್ ವೀಸಾ ಮೇಲೆ ಇಂಗ್ಲೆಂಡಿಗೆ ಹೋಗಿದ್ದೆ. ಕೋರ್ಸ್ ಅರ್ಧಕ್ಕೇ ನಿಂತುಹೋಯಿತು. ವೀಸಾ ಮುಗಿದು ನಾಲ್ಕು ತಿಂಗಳಾದ ಮೇಲೆ ರೂಮಿನಲ್ಲಿದ್ದವರ ಮಾತು ಕೇಳಿ, ಊರಿಗೆ ಹೋದರೆ ಅಪಾಯ, ಇಲ್ಲೇ ಆಶ್ರಯ ಕೊಡಿ ಅಂತ ಅಸೈಲಮ್‌ಗೆ ಅರ್ಜಿ ಹಾಕಿದೆ. ಅಪ್ಪನಿಗೆ ಹುಷಾರಿಲ್ಲ ಅಂತ ಅರ್ಜಿ ವಾಪಸ್ ತೆಗೆದುಕೊಂಡು 2024ರ ಮೇ ತಿಂಗಳಲ್ಲಿ ಊರಿಗೆ ಬಂದೆ. ಈಗ ಅಲ್ಲೇ ಎಂ.ಎಸ್ಸಿ. ಮಾಡುವ ಆಸೆ. ‘ಹಳೇದೇನೂ ಬರೀಬೇಡಿ, ಯಾರಿಗೂ ಗೊತ್ತಾಗಲ್ಲ’ ಅನ್ನುತ್ತಾರೆ ಏಜೆಂಟ್. ಏನು ಮಾಡಲಿ, ಮೇಡಂ?
– ಹೆಸರು ಬೇಡ, ದಾವಣಗೆರೆ

ಉತ್ತರ: ಮೊದಲು ಆ ಏಜೆಂಟನ್ನು ಬಿಡಿ. ಅಸೈಲಮ್ ಕೇಳಿದಾಗ ನಿಮ್ಮ ಬೆರಳಚ್ಚು ತೆಗೆದುಕೊಂಡಿದ್ದರು, ನೆನಪಿದೆ ಅಲ್ವಾ? ಈಗ ಬೆಂಗಳೂರಿನ ವೀಸಾ ಸೆಂಟರಿನಲ್ಲಿ ಗಾಜಿನ ಮೇಲೆ ಬೆರಳಿಟ್ಟರೆ ಅದೇ ಫೈಲ್ ಎದ್ದು ಬರುತ್ತದೆ. ಬೇರೆ ದೇಶ ನೋಡೋಣ ಅಂದುಕೊಂಡರೂ ಕಷ್ಟ. ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ಬ್ರಿಟನ್ ತಮ್ಮತಮ್ಮಲ್ಲೇ ಬೆರಳಚ್ಚು ತಾಳೆ ನೋಡುತ್ತವೆ. ಸುಳ್ಳು ಸಿಕ್ಕಿಬಿದ್ದರೆ ಬ್ರಿಟನ್ನಿನ ನಿಯಮದಲ್ಲಿ 10 ವರ್ಷ ಬಾಗಿಲು ಬಂದ್.

ಅಸೈಲಮ್ ಕೇಳಿದ್ದರು ಅನ್ನುವ ಒಂದೇ ಕಾರಣಕ್ಕೆ ವೀಸಾ ಕೊಡಬಾರದು ಅಂತ ನಿಯಮವಿಲ್ಲ. ನಿಮಗೆ ಅಡ್ಡ ಬರುವುದು ವೀಸಾ ಮುಗಿದ ಮೇಲೂ ಅಲ್ಲೇ ಉಳಿದ ದಿನಗಳು. 30 ದಿನದೊಳಗೆ ಸ್ವಂತ ಖರ್ಚಿನಲ್ಲಿ ಹೊರಟವರಿಗೆ ವಿನಾಯಿತಿ ಇದೆ, ನಿಮ್ಮದು ಆ ಗಡಿ ದಾಟಿದೆ. ಹಾಗಾಗಿ ನಾನು ಕೇಳುವ ಮೊದಲ ಪ್ರಶ್ನೆ: ಟಿಕೆಟ್ ದುಡ್ಡು ಯಾರದು? ನಿಮ್ಮದೇ ಆಗಿದ್ದರೆ ಮತ್ತೆ ವೀಸಾ ಕೊಡದ ನಿಷೇಧ ಹೊರಟ ದಿನದಿಂದ 12 ತಿಂಗಳು, ಅದು 2025ರ ಮೇಗೇ ಮುಗಿಯಿತು. ಅವರ ಸರ್ಕಾರದ ದುಡ್ಡಿನಲ್ಲಿ ಬಂದಿದ್ದರೆ 2 ವರ್ಷ ಅಥವಾ 5 ವರ್ಷ. ಹೊರಡಬೇಕೆಂಬ ನೋಟಿಸ್ ಬಂದ ಆರು ತಿಂಗಳೊಳಗೆ ಹೊರಟಿದ್ದರೆ ಸಾಮಾನ್ಯವಾಗಿ 2. ಟಿಕೆಟ್, ಬೋರ್ಡಿಂಗ್ ಪಾಸ್, ಬ್ಯಾಂಕ್ ಸ್ಟೇಟ್‌ಮೆಂಟ್ ಹುಡುಕಿಡಿ. ಹೋಮ್ ಆಫೀಸಿನಲ್ಲಿರುವ (ವೀಸಾ, ಅಸೈಲಮ್ ನೋಡಿಕೊಳ್ಳುವ ಬ್ರಿಟನ್ನಿನ ಗೃಹ ಇಲಾಖೆ) ನಿಮ್ಮ ಫೈಲಿನ ನಕಲನ್ನೂ ಕೇಳಬಹುದು, ಅದಕ್ಕೆ ಶುಲ್ಕವಿಲ್ಲ. ಅದನ್ನು ಓದದೆ ಅರ್ಜಿ ಹಾಕಲೇಬೇಡಿ.

ಯಾಕೆ ಅಂದರೆ, ಅಸೈಲಮ್ ಹೇಳಿಕೆಯಲ್ಲಿ ‘ಊರಿಗೆ ಹೋದರೆ ಜೀವಕ್ಕೆ ಅಪಾಯ’ ಅಂತ ಬರೆದಿರುತ್ತೀರಿ. ಈಗ ‘ಓದು ಮುಗಿಸಿ ಊರಿಗೆ ವಾಪಸ್ ಬರುತ್ತೇನೆ’ ಅಂತ ಬರೆಯುತ್ತೀರಿ. ನಿಜಕ್ಕೂ ಓದಲು ಹೊರಟವರೇ ಅಂತ ಅಳೆಯುವ ಅಧಿಕಾರಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ, ಇಂಟರ್‌ವ್ಯೂಗೂ ಕರೆಯಬಹುದು. ಇದಕ್ಕೆ ಜಾಣ ಉತ್ತರ ಹೊಸೆಯಬೇಡಿ. ಯಾರ ಮಾತು ಕೇಳಿದಿರಿ, ಯಾವಾಗ ಹಿಂದೆ ಸರಿದಿರಿ, ಬಂದ ಮೇಲೆ ಇಲ್ಲಿ ಏನು ಮಾಡಿದಿರಿ, ಈ ಕೋರ್ಸೇ ಯಾಕೆ: ಒಂದು ಪುಟದಲ್ಲಿ ನಿಮ್ಮ ಮಾತಿನಲ್ಲೇ ಬರೆಯಿರಿ. ಅಪ್ಪನ ಆಸ್ಪತ್ರೆ ಕಾಗದ ಇದ್ದರೆ ಜೊತೆಗಿಡಿ. ನಿಷೇಧದ ಅವಧಿ ಮುಗಿದ ಮಾತ್ರಕ್ಕೆ ವೀಸಾ ಗ್ಯಾರಂಟಿ ಅಲ್ಲ, ಅದೂ ಗೊತ್ತಿರಲಿ.

ಫಾರ್ಮಿನಲ್ಲಿ ವೀಸಾ ನಿರಾಕರಣೆ, ಗಡಿಪಾರು ಇವುಗಳ ಸಾಲಿನಲ್ಲೇ ಅಸೈಲಮ್ ನಿರಾಕರಣೆಯ ಪ್ರಶ್ನೆಯೂ ಇರುತ್ತದೆ. ನಿಮ್ಮದು ವಾಪಸ್ ಪಡೆದ ಅರ್ಜಿ, ನಿರಾಕರಣೆ ಬೇರೆ. ಆದರೂ ವಿವರ ಬರೆಯುವ ಜಾಗದಲ್ಲಿ ಎಲ್ಲವನ್ನೂ ಹೇಳಿಬಿಡಿ. ಯೂನಿವರ್ಸಿಟಿಗೂ ಮೊದಲೇ ತಿಳಿಸಿ. ಅವರ ವಿದ್ಯಾರ್ಥಿಗಳ ವೀಸಾ ಜಾಸ್ತಿ ತಿರಸ್ಕಾರವಾದರೆ ಹೊರದೇಶದ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಅವರ ಲೈಸೆನ್ಸಿಗೇ ಕುತ್ತು, ಅದಕ್ಕೇ ಕೆಲವರು ಇಂಥವರಿಗೆ ಸಿಎಎಸ್ (ವೀಸಾ ಅರ್ಜಿಗೆ ಬೇಕಾದ ಯೂನಿವರ್ಸಿಟಿಯ ಪ್ರವೇಶ ದೃಢೀಕರಣ) ಕೊಡಲು ಹಿಂದೇಟು ಹಾಕುತ್ತಾರೆ. ಫೀಸ್ ಕಟ್ಟುವ ಮೊದಲೇ ಅದು ಗೊತ್ತಾದರೆ ನಿಮಗೇ ಒಳ್ಳೆಯದು.

(ಇನ್ನೂ ಅಲ್ಲೇ ಇಮಿಗ್ರೇಶನ್ ಬೇಲ್ ಮೇಲೆ, ಅಂದರೆ ವೀಸಾ ಇಲ್ಲದೆ ಷರತ್ತಿನ ಮೇಲೆ ಇರಲು ಬಿಟ್ಟಿರುವ, ಸ್ನೇಹಿತರು ಯಾರಾದರೂ ಇದ್ದರೆ ಅವರಿಗೂ ಹೇಳಿ: ಅಲ್ಲಿಂದಲೇ ಸ್ಟೂಡೆಂಟ್ ವೀಸಾಕ್ಕೆ ಬದಲಾಗಲು ಆಗುವುದಿಲ್ಲ.)

ಕೊನೆಗೆ, ನಿಮ್ಮ ಪಾಸ್‌ಪೋರ್ಟ್ ಯಾವಾಗ ಮುಗಿಯುತ್ತದೆ ನೋಡಿಕೊಳ್ಳಿ. ನಮ್ಮ ಪಾಸ್‌ಪೋರ್ಟ್ ಅರ್ಜಿಯಲ್ಲೂ ಹೊರದೇಶದಲ್ಲಿ ರಾಜಕೀಯ ಆಶ್ರಯ ಕೇಳಿದ್ದಿರಾ, ಎಮರ್ಜೆನ್ಸಿ ಸರ್ಟಿಫಿಕೇಟ್ (ಪಾಸ್‌ಪೋರ್ಟ್ ಇಲ್ಲದವರಿಗೆ ಊರಿಗೆ ಮರಳಲು ಕೊಡುವ ಕಾಗದ) ಮೇಲೆ ವಾಪಸ್ ಬಂದಿರಾ ಅಂತ ಕೇಳುತ್ತಾರೆ. ಅಲ್ಲೂ ಸುಮ್ನೆ ‘ಇಲ್ಲ’ಕ್ಕೆ ಟಿಕ್ ಹಾಕಿಬಿಡಬೇಡಿ.