ಗಿಡ ಕೇಳುವಾಗ ಅಡುಗೆಯನ್ನೂ ಕೇಳಿಕೊಳ್ಳಿ

ಶಿವಮೊಗ್ಗದ ಮನೆಯ ಹಿಂದೆ ಸ್ವಲ್ಪ ಜಾಗವಿದೆ, ಹಳೆಯ ಹಲಸಿನ ಮರವೊಂದಿದೆ, ಅಂಗಡಿಯಲ್ಲಿ ಸಿಗದ ಹಿಂದಿನವರ ಸೊಪ್ಪು, ಗೆಡ್ಡೆಗಳನ್ನು ಬೆಳೆಸಬೇಕು, ಯಾವುದರಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ಹಲಸಿನ ಮರ ಇದೆಯಲ್ಲ, ಮರಕೆಸುವಿನಿಂದಲೇ ಶುರು ಮಾಡಿ.

ಮಳೆ ಹಿಡಿದ ಮೇಲೆ ತೊಗಟೆಯ ಪಾಚಿಯಲ್ಲಿ ಚಿಗುರುವ ಕೆಸು ಇದು. ನಮ್ಮ ತೀರ್ಥಹಳ್ಳಿ ಕಡೆ ಪತ್ರೊಡೆಗೆ ಇದಕ್ಕಿಂತ ರುಚಿಯ ಎಲೆ ಇನ್ನೊಂದಿಲ್ಲ. ಇದರ ಬುಡದಿಂದ ನೆಟ್ಟಗೆ ಏಳುವ ಕಡ್ಡಿಗಳಲ್ಲಿ ಪುಟ್ಟ ಮರಿಗೆಡ್ಡೆಗಳು ಗೊಂಚಲಾಗಿ ಕೂತಿರುತ್ತವೆ. ಒಂದನ್ನು ಬೆರಳ ತುದಿಯಲ್ಲಿಟ್ಟು ನೋಡಿ: ಮೈತುಂಬ ಸಣ್ಣ ಸಣ್ಣ ಕೊಕ್ಕೆ. ಉತ್ತರಾಣಿಯ ಬೀಜದಂತೆ ಅಂಗಿಗೆ ಅಂಟಿಕೊಂಡರೆ ಬಿಡಿಸುವುದು ಕಷ್ಟ. ಮರದಿಂದ ಮರಕ್ಕೆ ಅದು ಹಬ್ಬುವುದೂ ಈ ಕೊಕ್ಕೆಗಳ ಬಲದಿಂದಲೇ.

ಮೊದಲ ವರ್ಷ ನಾನು ಅವನ್ನು ಜೇಡಿಮಣ್ಣಿನ ಕುಂಡದಲ್ಲಿ ಹೂತೆ. ನೀರು ನಿಂತು ಎಲ್ಲವೂ ಕೊಳೆತವು. ಮರುವರ್ಷ ಕಾಂಡದ ಕವಲಿನಲ್ಲಿ ಒಂದು ಹಿಡಿ ಪಾಚಿ ಇಟ್ಟು, ಅದರೊಳಗೆ ಗೆಡ್ಡೆ ಸೇರಿಸಿ, ತೆಂಗಿನ ನಾರಿನಿಂದ ಸಡಿಲವಾಗಿ ಕಟ್ಟಿದೆ. ಆಷಾಢ ಮುಗಿಯುವುದರೊಳಗೆ ಅಂಗೈಯಗಲದ ಎಲೆಗಳು ಬಂದಿದ್ದವು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ. ನಿಮ್ಮ ಶಿವಮೊಗ್ಗದಲ್ಲಿ ಅದರ ಕಾಲು ಭಾಗವೂ ಇಲ್ಲ. ಆದ್ದರಿಂದ ಮಳೆ ಬಿಡುವು ಕೊಟ್ಟ ದಿನಗಳಲ್ಲಿ ಕಾಂಡಕ್ಕೆ ನೀರು ಚಿಮುಕಿಸಬೇಕು. ದೀಪಾವಳಿಯ ಹೊತ್ತಿಗೆ ಎಲೆ ಹಳದಿಯಾಗಿ ಮಾಯವಾದರೆ ಗಾಬರಿ ಬೇಡ, ಗೆಡ್ಡೆ ಮಲಗಿರುತ್ತದೆ.

ಗಿಡ ಕೊಟ್ಟ ಪಕ್ಕದ ಮನೆಯ ಅಜ್ಜಿ ನನ್ನನ್ನು ಕೂರಿಸಿಕೊಂಡು ಅಡುಗೆಯನ್ನೂ ಹೇಳಿದ್ದರು. ಹುಣಸೆಹಣ್ಣು ಕಡಿಮೆಯಾದರೆ, ಅರೆಬೆಂದರೆ, ಗಂಟಲು ತುರಿಸುತ್ತದೆ. ಕೆಸುವಿನಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು ಚುಚ್ಚುವುದರಿಂದ ಹೀಗಾಗುತ್ತದೆ. ಹಳೆಯ ಗಿಡಗಳ ವಿಷಯದಲ್ಲಿ ನಾನು ಒತ್ತಿ ಹೇಳುವುದು ಇದನ್ನೇ: ಗಿಡದ ಜೊತೆಗೆ ಅದನ್ನು ತಿನ್ನುವ ಕ್ರಮವನ್ನೂ ಕೇಳಿ ತನ್ನಿ. ಚಕ್ರಮುನಿಯನ್ನೇ ನೋಡಿ. ಗೇಣುದ್ದದ ಕಡ್ಡಿ ಊರಿದರೆ ಬೇಲಿಯಾಗಿ ಬೆಳೆಯುವ ಒಳ್ಳೆಯ ಸೊಪ್ಪು, ಪಲ್ಯ, ಸಾರಿಗೆ ಹೇಳಿ ಮಾಡಿಸಿದ್ದು. ಆದರೆ 1990ರ ದಶಕದ ಮಧ್ಯದಲ್ಲಿ ತೈವಾನಿನಲ್ಲಿ ತೂಕ ಇಳಿಸಲೆಂದು ಅದರ ಹಸಿ ರಸವನ್ನು ವಾರಗಟ್ಟಲೆ ಕುಡಿದವರ ಶ್ವಾಸಕೋಶವೇ ಹಾಳಾಯಿತು. ಬೇಯಿಸಿ, ಮಿತವಾಗಿ ತಿನ್ನಿ. ಬಳ್ಳಿಯ ಮೇಲೆಯೇ ಗೆಡ್ಡೆ ಬಿಡುವ ಬಳ್ಳಿ ಆಲೂಗಡ್ಡೆಯನ್ನೂ ಅಷ್ಟೇ, ತಿನ್ನುತ್ತಿರುವ ಮನೆಯಿಂದ ಮಾತ್ರ ತನ್ನಿ. ಕಾಡಿನ ಜಾತಿಗಳಲ್ಲಿ ಕಹಿಯೂ ಇದೆ, ವಿಷವೂ ಇದೆ.

ಉಳಿದ ಜಾಗಕ್ಕೆ ಮಾವಿನ ಶುಂಠಿ ಸಾಕು. ಮೇ ತಿಂಗಳಲ್ಲಿ ನೆಟ್ಟು, ಎಲೆ ಒಣಗಿದ ಮೇಲೆ ಜನವರಿಯಲ್ಲಿ ಅಗೆಯಿರಿ. ತುಂಡು ಮುರಿದರೆ ಮಾವಿನಕಾಯಿಯ ವಾಸನೆ, ಮಜ್ಜಿಗೆ ಸೇರಿಸಿ ತಂಬುಳಿ ಮಾಡಿದರೆ ಅನ್ನ ಎರಡು ತುತ್ತು ಹೆಚ್ಚೇ ಇಳಿಯುತ್ತದೆ. ತಂಪು ಮೂಲೆಯಲ್ಲಿ ಒಂದೆಲಗ ಬಿಡಿ, ತಾನೇ ಹರಡಿಕೊಳ್ಳುತ್ತದೆ.

ನರ್ಸರಿಗಳಲ್ಲಿ ಹುಡುಕುವ ಮೊದಲು ಹಳ್ಳಿಯಲ್ಲಿರುವ ನೆಂಟರ ಹಿತ್ತಲು ನೋಡಿ ಬನ್ನಿ. ಮರಕೆಸು ಅಲ್ಲೂ ಸಿಗದಿದ್ದರೆ ಇಲ್ಲೇ ತಿಳಿಸಿ, ಮಳೆ ಶುರುವಾಗುವ ಮೊದಲು ನಮ್ಮ ಮರದ ಮರಿಗೆಡ್ಡೆಗಳನ್ನು ಕಾಗದದಲ್ಲಿ ಕಟ್ಟಿ ಕಳಿಸುತ್ತೇನೆ.