ಇಂಗ್ಲೆಂಡಿನಲ್ಲಿ ಮೊದಲ ಸಲ ಪೋಲೋ ನೋಡುವುದು: ದೊಡ್ಡ ಫೈನಲ್‌ಗೇ ಟಿಕೆಟ್ ತಗೊಳ್ಳಲೇ?

ಬೇಡ, ಮೊದಲ ಸಲಕ್ಕೆ ಫೈನಲ್ ಬೇಡ. ಲಂಡನ್ನಿಗೆ ಹೊಸದಾಗಿ ಬಂದಿದ್ದೇನೆ, ಕುದುರೆ ಮೇಲೆ ಕೂತು ಉದ್ದ ಕೋಲಿನಿಂದ ಚೆಂಡು ಹೊಡೆಯುವ ಈ ಪೋಲೋ ಆಟದ ಗಂಧಗಾಳಿ ಇಲ್ಲ, ಸೂಟು ಹೊಲಿಸಿಕೊಂಡು ವಿಂಡ್ಸರ್‌ನ ಕ್ವೀನ್ಸ್ ಕಪ್ ಫೈನಲ್‌ಗೆ ಹೋಗಲೇ ಅಂತ ಕೇಳಿದ್ದೀರಿ. ಇಲ್ಲಿಗೆ ಬಂದ ಹೊಸತರಲ್ಲಿ ನಾನೂ ಇದನ್ನೇ ಕೇಳುತ್ತಿದ್ದೆ. ಸೂಟು ಬೇಕಾಗುವುದಿಲ್ಲ, ಫೈನಲ್ ಕೂಡ ಬೇಕಾಗುವುದಿಲ್ಲ. ಬೇಸಿಗೆಯ ಒಂದು ಭಾನುವಾರ ರಿಚ್ಮಂಡ್ ಸ್ಟೇಷನ್ನಿನಲ್ಲಿ ಇಳಿದು 65ನೇ ನಂಬರ್ ಬಸ್ ಹತ್ತಿ ಹ್ಯಾಮ್ ಪೋಲೋ ಕ್ಲಬ್ಬಿಗೆ ಹೋಗಿ. 1926ರಿಂದ ಇರುವ ಕ್ಲಬ್ಬು. ಹ್ಯಾಂಡಿಕ್ಯಾಪ್ ಅಂದರೆ ಆಟಗಾರನ ಮಟ್ಟ ಹೇಳುವ ಅಂಕ, ಹೆಚ್ಚಿದ್ದಷ್ಟೂ ಆಟಗಾರ ಮೇಲು. ಅಲ್ಲಿ ಕಡಿಮೆ ಹ್ಯಾಂಡಿಕ್ಯಾಪ್‌ನವರ ಆಟ ಸ್ವಲ್ಪ ನಿಧಾನ, ಅದಕ್ಕೇ ಹೊಸಬರ ಕಣ್ಣಿಗೆ ಸಿಗುತ್ತದೆ. ದೊಡ್ಡ ಪಂದ್ಯದಲ್ಲಿ ಎಂಟು ಕುದುರೆಗಳು ಒಮ್ಮೆಲೇ ತಿರುಗಿ ಓಡಿದಾಗ ಯಾಕೆ ತಿರುಗಿದವು ಅನ್ನುವುದೇ ಗೊತ್ತಾಗುವುದಿಲ್ಲ.

ಹೊಸಬರ ದಿನ ಹಾಳಾಗುವುದು ಒಂದೇ ಕಾರಣಕ್ಕೆ: ಕಣ್ಣು ಚೆಂಡಿನ ಹಿಂದೆಯೇ ಓಡುತ್ತದೆ. ಕ್ರಿಕೆಟ್ ನೋಡಿ ಬೆಳೆದ ಕಣ್ಣು ಅದು, ತಪ್ಪಲ್ಲ. ಆದರೆ ಪೋಲೋದಲ್ಲಿ ನೋಡಬೇಕಾದದ್ದು ಚೆಂಡು ಹೋಗುತ್ತಿರುವ ಗೆರೆಯನ್ನು. ಹೊಡೆದ ಚೆಂಡು ಯಾವ ದಿಕ್ಕಿಗೆ ಉರುಳಿತೋ ಆ ದಿಕ್ಕಿಗೆ ಹುಲ್ಲಿನ ಮೇಲೆ ಒಂದು ಗೆರೆ ಎಳೆದಿದೆ ಎಂದುಕೊಳ್ಳಿ. ಚೆಂಡನ್ನು ತನ್ನ ಬಲಗಡೆ ಇಟ್ಟುಕೊಂಡು ಆ ಗೆರೆಯುದ್ದಕ್ಕೂ ಬರುತ್ತಿರುವ ಸವಾರನಿಗೆ ದಾರಿಯ ಹಕ್ಕು. ಎಲ್ಲರೂ ಬಲಗೈಯಲ್ಲೇ ಕೋಲು ಹಿಡಿಯಬೇಕು, ಎಡಗೈ ಆಟಕ್ಕೆ ಅವಕಾಶವಿಲ್ಲ. ಅದರಿಂದಲೇ ಈ ಲೆಕ್ಕ ಎಲ್ಲರಿಗೂ ಒಂದೇ ಆಗಿ ನಿಲ್ಲುತ್ತದೆ. ಹೆದ್ದಾರಿಯಲ್ಲಿ ನೇರ ಬರುತ್ತಿರುವ ಲಾರಿಗೆ ಅಡ್ಡರಸ್ತೆಯಿಂದ ನುಗ್ಗಿದ ಬೈಕಿನಂತೆ ಯಾರಾದರೂ ಆ ಗೆರೆಯನ್ನು ಹತ್ತಿರದಲ್ಲಿ ದಾಟಿದರೆ ಸೀಟಿ ಬಿತ್ತು ಅಂತಲೇ ಲೆಕ್ಕ. ಫೌಲುಗಳಲ್ಲಿ ಬಹುಪಾಲು ಇದೇ. ಪೂರ್ತಿ ವೇಗದಲ್ಲಿರುವ ಕುದುರೆ ಥಟ್ಟನೆ ನಿಲ್ಲುವುದಿಲ್ಲ, ಹಾಗಾಗಿ ಈ ನಿಯಮ ಸವಾರನ ಮತ್ತು ಕುದುರೆಯ ಪ್ರಾಣದ ಪ್ರಶ್ನೆ.

ಎದುರಾಳಿ ಹಾಗಾದರೆ ಏನು ಮಾಡಬಹುದು? ಪಕ್ಕದಿಂದ, ಹೆಚ್ಚುಕಡಿಮೆ ಅದೇ ವೇಗದಲ್ಲಿ, ಸಣ್ಣ ಕೋನದಲ್ಲಿ ಬಂದು ಕುದುರೆಯ ಭುಜಕ್ಕೆ ಭುಜ ಕೊಟ್ಟು ಅವನನ್ನು ಗೆರೆಯಿಂದ ಆಚೆ ತಳ್ಳಬಹುದು. ಇಲ್ಲವೇ ಅವನು ಹೊಡೆಯಲು ಬೀಸಿದ ಕೋಲಿಗೆ ತನ್ನ ಕೋಲು ಅಡ್ಡ ಕೊಡಬಹುದು. ಇವೆರಡೂ ನ್ಯಾಯವೇ. ಚೆಂಡು ಹೊಡೆದ ಕ್ಷಣ ಒಮ್ಮೆ ದಿಕ್ಕು ನೋಡಿ, ಕಣ್ಣನ್ನು ಅಲ್ಲಿಂದ ಕಿತ್ತು ಗೆರೆಗೆ ಹತ್ತಿರ ಇರುವ ಎರಡು ಕುದುರೆಗಳ ಮೇಲಿಡಿ. ಮೂರನೇ ನಂಬರ್ ಜೆರ್ಸಿಯವನನ್ನು ವಿಶೇಷವಾಗಿ ನೋಡಿ: ಸಾಮಾನ್ಯವಾಗಿ ತಂಡದಲ್ಲಿ ಅತಿ ಹೆಚ್ಚು ಹ್ಯಾಂಡಿಕ್ಯಾಪ್ ಇರುವವನು ಅವನೇ. ಹಿಂದಕ್ಕೆ ಹೊಡೆತ ಬೀಳುತ್ತದೆ ಅಂತ ಊಹಿಸಿ, ಚೆಂಡು ತಿರುಗುವ ಮೊದಲೇ ಕುದುರೆ ತಿರುಗಿಸುತ್ತಾನೆ. ಅದು ಒಮ್ಮೆ ಕಣ್ಣಿಗೆ ಬಿದ್ದರೆ ಆಟ ಹಿಡಿದುಬಿಡುತ್ತದೆ.

ಉಳಿದದ್ದು ಸುಲಭ. ತಂಡಕ್ಕೆ ನಾಲ್ವರು. ಮೈದಾನ 300 ಗಜ ಉದ್ದ; ಬದಿಗೆ ಗಿಡ್ಡ ಹಲಗೆ ಇದ್ದರೆ ಅಗಲ 160 ಗಜ, ಇಲ್ಲದಿದ್ದರೆ 200. ಗೋಲು ಕಂಬಗಳ ನಡುವೆ 8 ಗಜ. ಮೇಲೆ ಅಡ್ಡಪಟ್ಟಿ ಇಲ್ಲ, ಎಷ್ಟು ಎತ್ತರದಲ್ಲಿ ಹೋದರೂ ಗೋಲೇ. ಗೋಲಾದರೆ ಕಂಬದ ಹಿಂದಿರುವವರು ಬಾವುಟವನ್ನು ತಲೆಯ ಮೇಲೆ ಬೀಸುತ್ತಾರೆ. ಪ್ರತಿ ಗೋಲಿನ ನಂತರ ತಂಡಗಳು ದಿಕ್ಕು ಬದಲಿಸುತ್ತವೆ. ಇದು ಮರೆತರೆ ನೀವು ಎದುರು ತಂಡಕ್ಕೆ ಚಪ್ಪಾಳೆ ಹೊಡೆಯುತ್ತಿರುತ್ತೀರಿ. ಆಟದ ಒಂದೊಂದು ಸುತ್ತಿಗೆ ಚಕ್ಕರ್ ಅನ್ನುತ್ತಾರೆ, ಒಂದು ಚಕ್ಕರ್ ಸುಮಾರು 7 ನಿಮಿಷ. ಕ್ಲಬ್ ಪಂದ್ಯಕ್ಕೆ ಸಾಮಾನ್ಯವಾಗಿ 4 ಚಕ್ಕರ್.

ಆಟ ಶುರುವಾಗುವ ಮೊದಲೇ ಫಲಕದಲ್ಲಿ ಒಂದೂವರೆ ಗೋಲು ಕಂಡರೆ ಗಾಬರಿಯಾಗಬೇಡಿ. ಆಟಗಾರರಿಗೆ ಮೈನಸ್ 2ರಿಂದ 10ರವರೆಗೆ ಹ್ಯಾಂಡಿಕ್ಯಾಪ್ ಇರುತ್ತದೆ. ಒಂದು ತಂಡದ ಮೊತ್ತ 8, ಇನ್ನೊಂದರದ್ದು 6 ಎಂದಿಟ್ಟುಕೊಳ್ಳಿ. ವ್ಯತ್ಯಾಸ 2. ಹ್ಯಾಂಡಿಕ್ಯಾಪ್ ಲೆಕ್ಕ 6 ಚಕ್ಕರ್‌ನ ಆಟಕ್ಕೆ, ಹಾಗಾಗಿ ಅದನ್ನು 4 ಚಕ್ಕರ್‌ನಿಂದ ಗುಣಿಸಿ 6ರಿಂದ ಭಾಗಿಸಿದರೆ ಒಂದಕ್ಕಿಂತ ಸ್ವಲ್ಪ ಹೆಚ್ಚು ಬರುತ್ತದೆ. ಆ ಉಳಿಕೆಯನ್ನು ಅರ್ಧ ಗೋಲೆಂದು ಎಣಿಸಿ, ದುರ್ಬಲ ತಂಡಕ್ಕೆ ಒಂದೂವರೆ ಕೊಟ್ಟು ಆಟ ಶುರು ಮಾಡುತ್ತಾರೆ. ಕೊನೆಯಲ್ಲಿ ಆ ಅರ್ಧ ಗೋಲಿನಿಂದಲೇ ಸೋಲು ಗೆಲುವು ತೀರ್ಮಾನವಾಗುವುದುಂಟು.

ಮಧ್ಯಂತರದಲ್ಲಿ ಪ್ರೇಕ್ಷಕರನ್ನು ಮೈದಾನಕ್ಕೆ ಕರೆಯುತ್ತಾರೆ. ಗೊರಸಿಗೆ ಕಿತ್ತುಬಂದ ಹುಲ್ಲುಗಡ್ಡೆಯನ್ನು ಹಸಿರು ಮೇಲಾಗುವಂತೆ ಗುಂಡಿಗೆ ಕೂರಿಸಿ ಕಾಲಿಂದ ತುಳಿಯಬೇಕು. ಇದು ಶೋಕಿ ಅಲ್ಲ, ಆ ಗುಂಡಿಗೆ ಬಿದ್ದ ಚೆಂಡು ಪುಟಿದು ದಿಕ್ಕು ತಪ್ಪುತ್ತದೆ. ಅದಕ್ಕೇ ಚೂಪು ಹಿಮ್ಮಡಿಯ ಚಪ್ಪಲಿ ಬೇಡ, ಚಪ್ಪಟೆ ತಳದ ಶೂ ಹಾಕಿ. ಚಕ್ಕರ್ ಮುಗಿದಾಗಲೂ ಕುದುರೆಗಳ ಸಾಲಿನತ್ತ ಕಣ್ಣು ಹಾಯಿಸಿ: ಒಂದು ಚಕ್ಕರ್ ಮುಗಿದರೆ ಕುದುರೆ ಬದಲಿಸುತ್ತಾರೆ, ಕೆಲವರು ನೆಲಕ್ಕೆ ಕಾಲಿಡದೆ ಒಂದು ಜೀನಿನಿಂದ ಇನ್ನೊಂದಕ್ಕೆ ದಾಟುತ್ತಾರೆ. ಕೋಲಿಗೆ ಸಿಕ್ಕಬಾರದೆಂದು ಬಾಲ ಹೆಣೆದು ಕಟ್ಟಿರುತ್ತಾರೆ, ಲಗಾಮಿಗೆ ತೊಡಕಾಗಬಾರದೆಂದು ಕತ್ತಿನ ಕೂದಲು ಬೋಳಿಸಿರುತ್ತಾರೆ.

ಕೂರುವುದು ಮೈದಾನದ ಮಧ್ಯಗೆರೆಯ ಹತ್ತಿರ, ಬದಿಯಿಂದ ಚೆನ್ನಾಗಿ ಹಿಂದೆ. ಗೋಲಿನ ಹಿಂದೆ ನಿಲ್ಲಲೇಬೇಡಿ. ಗಟ್ಟಿ ಪ್ಲಾಸ್ಟಿಕ್ ಚೆಂಡು ತಲೆಯೆತ್ತರದಲ್ಲಿ ಬರುತ್ತದೆ, ಅದರ ಹಿಂದೆ ಕುದುರೆಗಳೂ ಬರುತ್ತವೆ. ಮಕ್ಕಳಿದ್ದರೆ ಕೈ ಬಿಡಬೇಡಿ.

ಇಷ್ಟು ಕಣ್ಣಿಗೆ ರೂಢಿಯಾದ ಮೇಲೆ ದೊಡ್ಡದಕ್ಕೆ ಹೋಗಿ. ಜೂನ್‌ನಲ್ಲಿ ಗಾರ್ಡ್ಸ್ ಪೋಲೋ ಕ್ಲಬ್ಬಿನ ಕ್ವೀನ್ಸ್ ಕಪ್, ವಿಂಡ್ಸರ್ ಗ್ರೇಟ್ ಪಾರ್ಕಿನ ಸ್ಮಿತ್ಸ್ ಲಾನ್‌ನಲ್ಲಿ. ಹತ್ತಿರದ ಸ್ಟೇಷನ್ ಎಗಮ್, ಅಲ್ಲಿಂದ ಟ್ಯಾಕ್ಸಿ. ಜುಲೈನಲ್ಲಿ ವೆಸ್ಟ್ ಸಸೆಕ್ಸ್‌ನ ಮಿಡ್‌ಹರ್ಸ್ಟ್ ಹತ್ತಿರ ಕೌಡ್ರೇ ಪಾರ್ಕ್‌ನಲ್ಲಿ ಗೋಲ್ಡ್ ಕಪ್, 1956ರಿಂದ ನಡೆಯುತ್ತಿದೆ. ಎರಡರಲ್ಲೂ ಫೈನಲ್ ಬಿಟ್ಟು ಲೀಗ್ ಪಂದ್ಯದ ದಿನ ಆರಿಸಿಕೊಳ್ಳಿ: ಆಡುವವರು ಅದೇ ಮೇಲ್ಮಟ್ಟದವರು, ನೂಕುನುಗ್ಗಲು ಕಡಿಮೆ. ಹೊರಡುವ ದಿನ ಬೆಳಿಗ್ಗೆ ಕ್ಲಬ್ಬಿನ ಪ್ರಕಟಣೆ ನೋಡಿಕೊಳ್ಳಿ. ಮಳೆಗೆ ನೆಲ ನೆನೆದರೆ ಕುದುರೆ ಜಾರುತ್ತದೆಂದು ಪಂದ್ಯ ರದ್ದು ಮಾಡುತ್ತಾರೆ.